ಯಾವ ಕೋಣೆ ಮಾಡಿಸ್ಲಿ, ಅವ್ವ?

ಕಳೆದ ವರ್ಷ ಬೋನಸ್ ಬಂತು. ತೆರಿಗೆ ಹೋಗಿ, ಕಾರಿನ ಸಾಲದ ಬಾಕಿ ಕಟ್ಟಿ, ಕೈಯಲ್ಲಿ ನಾಲ್ಕು ಲಕ್ಷ ಉಳೀತು. ಬೆಂಗಳೂರಲ್ಲಿ ನಾಲ್ಕು ಲಕ್ಷ ಅಂದ್ರೆ ಒಂದು ಮಾಡ್ಯುಲರ್ ಕಿಚನ್, ಅದೂ ಚಿಮಣಿ ಬಿಟ್ಟು. ನಮ್ಮೂರು ಹಗರೆಯಲ್ಲಿ ಅದೇ ದುಡ್ಡಿಗೆ ಮನೆಯ ಒಂದು ಭಾಗವನ್ನೇ ಹೊಸದು ಮಾಡಬಹುದು. ಸರಿ, ಊರಿನ ಮನೆಗೇ ಹಾಕೋಣ ಅಂದುಕೊಂಡೆ. ಉಳಿದದ್ದು ಒಂದೇ ಪ್ರಶ್ನೆ: ಯಾವ ಕೋಣೆಗೆ?

ಹಗರೆ ಅಂದ್ರೆ ಹಾಸನದಿಂದ ಬೇಲೂರಿಗೆ ಹೋಗುವಾಗ ಹಳೇಬೀಡಿಗೆ ರಸ್ತೆ ತಿರುಗುವ ಊರು. ವೀಕೆಂಡ್ ಟ್ರಿಪ್‌ನಲ್ಲಿ ನೀವು ಇದನ್ನ ದಾಟಿರ್ತೀರಿ. ಇಳಿದು ಟೀ ಕೂಡ ಕುಡಿದಿರಬಹುದು, ಹೆಸರು ಮಾತ್ರ ನೆನಪಿರಲ್ಲ. ನಮ್ಮ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಮುಂಭಾಗ ಅಪ್ಪ ಹಾಕಿಸಿದ ಆರ್‌ಸಿಸಿ, ಹಿಂಭಾಗ ತಾತನ ಕಾಲದ ಹೆಂಚು. ಮೇಲೆ ಅಪ್ಪ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ ಒಂದು ಕೋಣೆ. ಅದರ ಕಂಬಿಗಳು ತುಕ್ಕು ಹಿಡಿದು ಇವತ್ತಿಗೂ ಹಾಗೇ ನಿಂತಿವೆ. ಅಪ್ಪ ಹೋಗಿ ನಾಲ್ಕು ವರ್ಷ. ಮನೆಯಲ್ಲಿ ಅವ್ವ ಒಬ್ಬಳೇ. ವಯಸ್ಸು ಅರವತ್ತೆಂಟು.

ನಾನು ಮಾಡಿದ್ದು ನಮ್ಮಂಥೋರೆಲ್ಲ ಮಾಡೋ ಕೆಲಸಾನೇ. ಎಕ್ಸೆಲ್ ಶೀಟ್ ತೆರೆದೆ. ನಾಲ್ಕು ಸಾಲು: ಮುಂದಿನ ಹಾಲು, ಅಡುಗೆಮನೆ, ಹಿತ್ತಲ ಬಚ್ಚಲು, ಮಹಡಿ ಕೋಣೆ. ನಾಲ್ಕು ಕಾಲಂ: ಎಷ್ಟು ಖರ್ಚು, ಮನೆಯ ಬೆಲೆ ಎಷ್ಟು ಏರುತ್ತೆ, ಬಾಡಿಗೆ ಬರುತ್ತಾ, ಎಷ್ಟು ವರ್ಷ ಬಾಳಿಕೆ ಬರುತ್ತೆ.

ಆಮೇಲೆ ಓದೋಕೆ ಕೂತೆ. ಅಮೆರಿಕದಲ್ಲಿ 'ಕಾಸ್ಟ್ ವರ್ಸಸ್ ವ್ಯಾಲ್ಯೂ' ಅಂತ ಪ್ರತಿವರ್ಷ ಒಂದು ವರದಿ ಬರುತ್ತೆ. ಮನೆಯ ಯಾವ ಭಾಗಕ್ಕೆ ದುಡ್ಡು ಹಾಕಿದ್ರೆ ಮಾರುವಾಗ ಎಷ್ಟು ವಾಪಸ್ ಬರುತ್ತೆ ಅನ್ನೋ ಲೆಕ್ಕ. 2024ರಲ್ಲಿ ಮೊದಲ ಸ್ಥಾನ ಯಾವುದಕ್ಕೆ ಗೊತ್ತಾ? ಅಡುಗೆಮನೆಗಲ್ಲ, ಬಾತ್‌ರೂಮಿಗಲ್ಲ, ಗ್ಯಾರೇಜಿನ ಬಾಗಿಲಿಗೆ. ಹಾಕಿದ್ದಕ್ಕಿಂತ ಹೆಚ್ಚು ದುಡ್ಡು ಅದರಿಂದ ವಾಪಸ್ ಬರುತ್ತಂತೆ. ಮೊದಲು ನಗು ಬಂತು. ಆಮೇಲೆ ಅರ್ಥ ಆಯ್ತು. ಮನೆ ನೋಡೋಕೆ ಬಂದವನು ಕಾರಿಂದ ಇಳಿಯುವ ಮುಂಚೆಯೇ ಕಾಣಿಸೋದು ಆ ಬಾಗಿಲು. ಒಳಗಿರೋರು ದಿನಾ ಒದ್ದಾಡೋ ಜಾಗಕ್ಕಿಂತ ಹೊರಗಿಂದ ಬಂದೋನ ಕಣ್ಣಿಗೆ ಬೀಳೋ ಜಾಗಕ್ಕೆ ಹೆಚ್ಚು ಬೆಲೆ.

ಹಗರೆಯಲ್ಲಿ ಗ್ಯಾರೇಜ್ ಎಲ್ಲಿ ಬರಬೇಕು? ಹಾಸನದಲ್ಲಿ ಸೈಟು-ಮನೆ ವ್ಯವಹಾರ ಮಾಡುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಅವರು ನನ್ನ ಶೀಟನ್ನ ಎರಡೇ ನಿಮಿಷದಲ್ಲಿ ಹರಿದು ಹಾಕಿದ್ರು.

"ಸಾರ್, ಹಳ್ಳಿ ಕಡೆ ಮನೆ ತಗೊಳೋರು ಟೈಲ್ಸ್ ನೋಡಲ್ಲ. ಜಾಗ ನೋಡ್ತಾರೆ, ದಾರಿ ನೋಡ್ತಾರೆ, ನೀರು ನೋಡ್ತಾರೆ. ಆಮೇಲೆ ಇ-ಸ್ವತ್ತು ಕೇಳ್ತಾರೆ. ನಮೂನೆ 9, 11 ಇಲ್ದಿದ್ರೆ ನೋಂದಣೀನೇ ಆಗಲ್ಲ. ನಿಮ್ಮನೆಗೆ ಅದು ಆಗಿದ್ಯಾ?"

ಆಗಿರಲಿಲ್ಲ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು.

"ಮೊದ್ಲು ಅದು ಮಾಡಿಸ್ಕೊಳಿ. ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಮಾರ್ಗಸೂಚಿ ಬೆಲೆ ಹಾಕೋವಾಗ ಜಾಗ ಎಲ್ಲಿದೆ, ಕಟ್ಟಡ ಎಷ್ಟು ಚದರ, ಆರ್‌ಸಿಸಿನಾ ಹೆಂಚಾ, ಎಷ್ಟು ಹಳೇದು, ಇಂಥದ್ದು ನೋಡ್ತಾರೆ. ನಿಮ್ಮ ಅಡುಗೆಮನೆ ಗ್ರಾನೈಟ್ ಯಾರು ಕೇಳ್ತಾರೆ?" ಅಂದ್ರು. ಸ್ವಲ್ಪ ಯೋಚನೆ ಮಾಡಿ, "ದುಡ್ಡು ಹುಟ್ಟಬೇಕು ಅಂದ್ರೆ ಮಹಡಿ ಕೋಣೆ ಮುಗಿಸಿ. ಅಟ್ಯಾಚ್ಡ್ ಬಾತ್‌ರೂಮ್ ಹಾಕಿ ಹೋಂಸ್ಟೇ ಮಾಡಿ" ಅಂತ ಸೇರಿಸಿದ್ರು.

ಅದರಲ್ಲಿ ತರ್ಕ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅವುಗಳಲ್ಲಿ ಎರಡಕ್ಕೆ ಹೋಗೋ ದಾರಿ ಒಡೆಯೋದೇ ನಮ್ಮೂರಲ್ಲಿ. ಒಂದು ಕೋಣೆ, ಒಂದು ಬಾತ್‌ರೂಮ್, ಶನಿವಾರ ಭಾನುವಾರ ಗಿರಾಕಿ. ಶೀಟಿನಲ್ಲಿ ಮಹಡಿ ಕೋಣೆಯ ಸಾಲಿಗೆ ಹಸಿರು ಬಣ್ಣ ಬಳಿದೆ. ಬಚ್ಚಲಿನ ಸಾಲಲ್ಲಿ 'ಬೆಲೆ ಏರಿಕೆ' ಅನ್ನೋ ಕಡೆ ಸೊನ್ನೆ, 'ಬಾಡಿಗೆ' ಅನ್ನೋ ಕಡೆನೂ ಸೊನ್ನೆ.

ಶಾಸ್ತ್ರಕ್ಕೆ ಅಂತ ಅವ್ವನಿಗೂ ಫೋನ್ ಮಾಡಿದೆ. "ಯಾವ ಕೋಣೆ ಮಾಡಿಸ್ಲಿ ಅವ್ವ?"

"ಮುಂದಿನ ಹಾಲು ಮಾಡ್ಸು ಮಗ. ಬಂದೋರು ಕೂತ್ಕೊತಾರೆ. ಆ ನೆಲ ಬಿರುಕು ಬಿಟ್ಟು ನಂಗೇ ನಾಚ್ಕೆ ಆಯ್ತದೆ."

"ನಿಂಗೆ ಏನು ಬೇಕು ಅಂತ ಕೇಳಿದ್ದು."

"ನಂಗೇನು ಬೇಕು? ಎಲ್ಲಾ ಐತೆ ಬಿಡು."

ಫೋನ್ ಇಟ್ಟೆ. ಅವ್ವನಿಗೆ ಹಾಲು ಬೇಕು, ಮಾರುಕಟ್ಟೆಗೆ ಮಹಡಿ ಬೇಕು, ಅಂತ ಬರೆದುಕೊಂಡೆ.

ಅಕ್ಕ ಇರೋದು ಅರಸೀಕೆರೆಯಲ್ಲಿ. ತಿಂಗಳಿಗೊಮ್ಮೆ ಜಾವಗಲ್ ಮೇಲೆ ಬಂದು ಅವ್ವನ ಜೊತೆ ಎರಡು ದಿನ ಇದ್ದು ಹೋಗ್ತಾಳೆ. ಶೀಟಿನ ಸ್ಕ್ರೀನ್‌ಶಾಟ್ ಅವಳಿಗೆ ಕಳಿಸಿದೆ. ರಾತ್ರಿ ಹತ್ತಕ್ಕೆ ಫೋನ್ ಬಂತು.

"ಹೋಂಸ್ಟೇಗೆ ಬಂದೋರಿಗೆ ಅಟ್ಯಾಚ್ಡ್ ಬಾತ್‌ರೂಮು. ಅವ್ವಂಗೆ?"

"ಹಿತ್ತಲಲ್ಲಿ ಇದೆಯಲ್ಲ."

"ಅವ್ವ ಸಂಜೆ ಆರರ ಮೇಲೆ ನೀರು ಕುಡಿಯಲ್ಲ ಕಣೋ. ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ.

ನಮ್ಮನೆ ಕಕ್ಕಸು ಇರೋದು ಹಿತ್ತಲ ಕೊನೆಗೆ, ಬಚ್ಚಲಿನ ಪಕ್ಕ. ಹೋಗಬೇಕು ಅಂದ್ರೆ ಹಿಂಬಾಗಿಲ ಚಿಲಕ ತೆಗೀಬೇಕು, ಎರಡು ಮೆಟ್ಟಿಲು ಇಳೀಬೇಕು, ಪಾತ್ರೆ ತೊಳೆಯೋ ಕಲ್ಲು ದಾಟಬೇಕು, ತೆಂಗಿನಮರದ ಹತ್ತಿರ ತಿರುಗಬೇಕು. ಮಳೆಗಾಲದಲ್ಲಿ ಅಲ್ಲಿ ಪಾಚಿ. ಹಾವಿನ ಭಯ ಬೇರೆ. ಮಂಡಿನೋವು ಶುರುವಾದ ಮೇಲೆ ಅವ್ವ ಒಂದು ಉಪಾಯ ಮಾಡಿಕೊಂಡಿದ್ದಳು: ರಾತ್ರಿ ಹೊರಗೆ ಹೋಗೋ ಪ್ರಸಂಗವೇ ಬರದ ಹಾಗೆ ಸಂಜೆಯಿಂದ ನೀರು ನಿಲ್ಲಿಸೋದು. ಬೇಸಿಗೆಯಲ್ಲೂ ಅಷ್ಟೇ. ಊಟಕ್ಕೆ ಸಾರು ಕಮ್ಮಿ, ಮಜ್ಜಿಗೆ ಇಲ್ಲ. ಎರಡು ಸಲ ಉರಿಮೂತ್ರ ಆಗಿ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಅದನ್ನ ನನಗೆ ಹೇಳುವಾಗ "ಶಾಖ ಆಗಿತ್ತು ಮಗ" ಅಂದಿದ್ದಳು, ನಾನು ಎಳನೀರು ಕುಡಿ ಅಂದಿದ್ದೆ.

ಮುಂದಿನ ಶುಕ್ರವಾರ ಊರಿಗೆ ಹೋದೆ. ಮೂರು ರಾತ್ರಿ ಇದ್ದೆ. ಆರೂವರೆಗೆ ಅವ್ವ ತಂಬಿಗೆ ತೊಳೆದು ಬೋರಲು ಹಾಕಿದ್ದನ್ನ ನೋಡಿದೆ. ಇಷ್ಟು ವರ್ಷ ಅದನ್ನ ನೋಡ್ತಾನೇ ಇದ್ದೆ. ಮನೆಗೆಲಸ ಮುಗೀತು ಅನ್ನೋ ಗುರುತು ಅಂದುಕೊಂಡಿದ್ದೆ.

ಆಮೇಲೆ ನನ್ನನ್ನ ಕಾಡಿದ ಪ್ರಶ್ನೆ ಇದು. ನಾನೇನೂ ಕೆಟ್ಟ ಮಗ ಅಲ್ಲ ಅಂದುಕೊಂಡಿದ್ದೇನೆ. ದುಡ್ಡು ಕೊಡೋಕೆ ರೆಡಿ ಇದ್ದೆ, ಅವ್ವನ್ನ ಕೇಳಿದ್ದೂ ಹೌದು. ಆದರೂ ಆ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ನನ್ನ ಲೆಕ್ಕದಲ್ಲಿ ಒಂದು ಕಾಲಂ ಕೂಡ ಇರಲಿಲ್ಲ. ಯಾಕೆ?

ಮೊದಲನೇ ಉತ್ತರ ಹಳೇದು. ಅರಿಸ್ಟಾಟಲ್ 'ಪಾಲಿಟಿಕ್ಸ್' ಗ್ರಂಥದ ಮೊದಲ ಭಾಗದಲ್ಲಿ ಮೆಟ್ಟಿನ ಉದಾಹರಣೆ ಕೊಡ್ತಾನೆ. ಮೆಟ್ಟಿಗೆ ಎರಡು ಉಪಯೋಗ: ಕಾಲಿಗೆ ಹಾಕಿಕೊಳ್ಳೋದು ಒಂದು, ಬೇರೆ ವಸ್ತುವಿಗೆ ವಿನಿಮಯ ಮಾಡೋದು ಇನ್ನೊಂದು. ಎರಡೂ ಮೆಟ್ಟಿನ ಉಪಯೋಗಗಳೇ, ಆದರೆ ಮೆಟ್ಟು ಹುಟ್ಟಿದ್ದು ವಿನಿಮಯಕ್ಕಲ್ಲ. ಮನೆಗೂ ಇದೇ ಮಾತು. ಅದರೊಳಗೆ ಇರಬಹುದು, ಅದನ್ನ ಮಾರಬಹುದು. ನಾನು 'ಬೆಲೆ' ಅಂತ ಕಾಲಂ ಹಾಕಿದಾಗ ಎರಡನೇದನ್ನ ಮಾತ್ರ ಅಳೆಯೋಕೆ ಹೊರಟಿದ್ದೆ. ತಮಾಷೆ ಅಂದ್ರೆ, ಆ ಮನೆಯನ್ನ ಮಾರೋ ಯೋಚನೆ ನಮ್ಮಲ್ಲಿ ಯಾರಿಗೂ ಇಲ್ಲ. ಯಾವತ್ತೂ ಬರದೇ ಇರಬಹುದಾದ ಗಿರಾಕಿಯೊಬ್ಬನನ್ನ ಕಲ್ಪಿಸಿಕೊಂಡು ಅವನಿಗೆ ಇಷ್ಟ ಆಗೋ ಹಾಗೆ ಮನೆ ಮಾಡ್ಸೋಕೆ ಹೊರಟಿದ್ದೆ.

ನಗಬೇಡಿ, ನೀವೂ ಇದನ್ನ ಮಾಡ್ತೀರಿ. ಬೆಂಗಳೂರಲ್ಲಿ ನನ್ನ ಗೆಳೆಯನೊಬ್ಬ ಇಪ್ಪತ್ತು ವರ್ಷದ ಇಎಂಐ ಮೇಲೆ ಫ್ಲ್ಯಾಟ್ ತಗೊಂಡಿದ್ದಾನೆ. ಗೋಡೆಗೆ ಮೊಳೆ ಹೊಡೆಯಲ್ಲ. ಮಗಳು ನೀಲಿ ಬಣ್ಣ ಬೇಕು ಅಂದ್ರೆ, "ರೀಸೇಲ್‌ಗೆ ಕಷ್ಟ ಪುಟ್ಟಾ" ಅಂತಾನೆ. ತನ್ನದೇ ಮನೆಯಲ್ಲಿ ಅವನು ಮುಂದಿನ ಓನರ್‌ನ ಕಾವಲುಗಾರನ ಥರ ಇದ್ದಾನೆ. ಆ ಹುಡುಗಿ ಹೋಗಿ ಕೇಳೋಕೆ ಆ ಓನರ್‌ಗೆ ಇನ್ನೂ ಮುಖವೇ ಇಲ್ಲ.

ಹಾಗಂತ ಬೆಲೆ ನೋಡೋದು ಪಾಪ ಅಂತ ನಾನು ಹೇಳ್ತಿಲ್ಲ. ನಾಳೆ ಅವ್ವನಿಗೆ ದೊಡ್ಡ ಆಪರೇಷನ್ ಬಂದ್ರೆ ಆ ಮನೆಯ ಮೇಲೆ ಸಾಲ ತೆಗೀಬೇಕಾಗಬಹುದು. ಆಗ ಕೈಹಿಡಿಯೋದು ಇ-ಸ್ವತ್ತಿನ ಆ ಕಾಗದವೇ. ಅದನ್ನ ನೆನಪಿಸಿದ ಹಾಸನದವರು ನನಗೆ ಉಪಕಾರವನ್ನೇ ಮಾಡಿದ್ರು. ಬೆಲೆ ಅಂದ್ರೆ ಕಷ್ಟಕಾಲಕ್ಕೆ ಒಂದು ದಾರಿ. ದಿನದಿನದ ಬದುಕಿಗೂ ಅದನ್ನೇ ಅಳತೆಗೋಲು ಮಾಡಿಕೊಂಡಾಗ ಎಡವಟ್ಟಾಗುತ್ತೆ.

ಎರಡನೇ ಉತ್ತರ ಇನ್ನೂ ಕಷ್ಟದ್ದು. ನಾನು ಅವ್ವನ್ನ ಕೇಳಿದ್ದೆನಲ್ಲ! ಅವಳು ಹಾಲು ಅಂದಳು. ಬಚ್ಚಲು ಅನ್ನಲಿಲ್ಲ. ಬದುಕುವವರನ್ನೇ ಕೇಳಿ ಮಾಡು ಅನ್ನೋದು ನಮ್ಮ ಕಾಲದ ಒಳ್ಳೇ ನೀತಿ. ನಾನು ಅದನ್ನ ಪಾಲಿಸಿದ್ದೆ, ಆದರೂ ಸತ್ಯ ಸಿಗಲಿಲ್ಲ.

ಅಮರ್ತ್ಯ ಸೇನ್ ತಮ್ಮ ಬರಹಗಳಲ್ಲಿ ಒಂದು ಸಮೀಕ್ಷೆಯನ್ನ ನೆನಪು ಮಾಡ್ತಾರೆ. ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತದ ಹತ್ತಿರ ನಡೆದದ್ದು. ನಿಮ್ಮ ಆರೋಗ್ಯ ಹೇಗಿದೆ ಅಂತ ಹೆಂಡತಿ ಸತ್ತ ಗಂಡಸರನ್ನೂ ಗಂಡ ಸತ್ತ ಹೆಂಗಸರನ್ನೂ ಕೇಳಿದ್ರು. ಚೆನ್ನಾಗಿಲ್ಲ ಅಂದ ಗಂಡಸರು ಬಹಳ ಜನ, ಹಾಗಂದ ಹೆಂಗಸರು ಬೆರಳೆಣಿಕೆ. ಹೆಂಗಸರು ಗಂಡಸರಿಗಿಂತ ಗಟ್ಟಿಮುಟ್ಟಾಗಿದ್ರು ಅಂತ ಇದರ ಅರ್ಥ ಅಲ್ಲ. ತಮ್ಮ ಮೈಯ ಕಷ್ಟ ಒಂದು ದೂರು ಅಂತ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನೇ ಅವರು ಬಿಟ್ಟುಬಿಟ್ಟಿದ್ರು. ಬಹಳ ಕಾಲ ಇಲ್ಲದ್ದಕ್ಕೆ ಒಗ್ಗಿಹೋದವರು ಅದನ್ನ ಬೇಕು ಅಂತ ಕೇಳೋದನ್ನೂ ನಿಲ್ಲಿಸ್ತಾರೆ ಅನ್ನೋದು ಸೇನ್ ಅವರ ವಾದ. ಆದ್ದರಿಂದ 'ಏನು ಬೇಕು' ಅನ್ನೋ ಪ್ರಶ್ನೆಗೆ ಬರೋ ಉತ್ತರ ಒಂದನ್ನೇ ನಂಬಿ ನ್ಯಾಯ ಮಾಡೋಕಾಗಲ್ಲ.

ಇದನ್ನ ಮುಂಚೆಯೂ ಓದಿದ್ದೆ. ಆ ಹೆಂಗಸರಲ್ಲಿ ಒಬ್ಬಳು ನಮ್ಮನೆಯಲ್ಲೇ ಇದ್ದಾಳೆ ಅಂತ ಹೊಳೆದಿರಲಿಲ್ಲ.

ಹಾಗಾದ್ರೆ ಅವ್ವನ ಮಾತು ಪಕ್ಕಕ್ಕಿಟ್ಟು ನನಗೆ ಸರಿ ಕಂಡದ್ದನ್ನ ಮಾಡಿಬಿಡಬಹುದಾ? ಆ ದಾರಿಯಲ್ಲಿ ಇನ್ನೊಂದು ಹಳ್ಳ ಇದೆ, ನಾನು ನೇರವಾಗಿ ಅದಕ್ಕೇ ಬಿದ್ದೆ. ಭಾನುವಾರ ಬೆಳಿಗ್ಗೆ ದೊಡ್ಡ ಮನುಷ್ಯನ ಥರ ಘೋಷಣೆ ಮಾಡಿದೆ: "ಹಾಲೂ ಇಲ್ಲ, ಮಹಡಿನೂ ಇಲ್ಲ. ನಿನ್ನ ರೂಮಿನ ಪಕ್ಕದ ಉಗ್ರಾಣ ತೆಗೆದು ಅಲ್ಲೇ ಬಾತ್‌ರೂಮ್ ಮಾಡ್ಸ್ತೀನಿ."

ಅವ್ವನ ಮುಖ ಬಿಗೀತು. "ಉಗ್ರಾಣದ ಗೋಡೆ ಆಚೆಗೆ ಏನೈತೆ?"

ದೇವರಮನೆ ಇತ್ತು.

"ನಾನು ಇರೋಗಂಟ ಅದು ಆಗಾಕಿಲ್ಲ. ನಾನು ಸತ್ತ ಮೇಲೆ ನಿನ್ನ ಹೋಟ್ಲು ಮಾಡ್ಕೊ."

ಸೇನ್ ಅವರನ್ನ ಓದಿದ ಅಹಂಕಾರದಲ್ಲಿ ಇದನ್ನೂ 'ಒಗ್ಗಿಹೋದ ಮನಸ್ಸು' ಅಂತ ತಳ್ಳಿಹಾಕೋಕೆ ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ತಿವಿದಳು. ಆಮೇಲೆ ಹಿತ್ತಲಿಗೆ ಕರ್ಕೊಂಡು ಹೋಗಿ ಅವಳು ಹೇಳಿದ್ದನ್ನ ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. "ನೀರು ಕುಡಿಯಲ್ಲ ಅನ್ನೋದು ಅವ್ವ ವಿಧಿ ಇಲ್ದೆ ಮಾಡ್ಕೊಂಡಿರೋದು. ದೇವರಮನೆ ಗೋಡೆ ಅವಳು ನಂಬಿರೋದು. ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡ."

ಬೇರೆಬೇರೆ ಅಂತ ಗೊತ್ತಾಗೋದು ಹೇಗೆ ಅಂದೆ. "ಒಂದನ್ನ ನಮ್ಮಿಂದ ಮುಚ್ಚಿಟ್ಟಳು. ಇನ್ನೊಂದಕ್ಕೆ ಎದುರಿಗೇ ಜಗಳ ಆಡಿದಳು. ಗೊತ್ತಾಗಲ್ವಾ?" ಅಂದಳು.

ಈ ವ್ಯತ್ಯಾಸ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತೆ. ಎಲ್ಲಾ ಸಂದರ್ಭಕ್ಕೂ ಇದು ಸರಿಹೋಗಲಿಕ್ಕಿಲ್ಲ. ಆದರೆ ಹತ್ತಿರದವರ ಒಂದು 'ಬೇಡ'ವನ್ನ ಎಷ್ಟು ಗೌರವಿಸಬೇಕು ಅಂತ ತಿಳೀದೇ ಹೋದಾಗ, ಅವರು ಅದಕ್ಕಾಗಿ ನಿಂತು ವಾದ ಮಾಡ್ತಿದ್ದಾರಾ ಅಥವಾ ಮಾತು ತೇಲಿಸ್ತಿದ್ದಾರಾ ಅಂತ ನೋಡಬಹುದು.

ಸಂಜೆ ಮೇಸ್ತ್ರಿ ಬಂದ್ರು. ಅವ್ವನ ಕೋಣೆಯ ಇನ್ನೊಂದು ಮಗ್ಗುಲಿಗೆ ಹಿತ್ತಲ ಜಗಲಿ ಇದೆ. ಅದರ ಅರ್ಧ ಭಾಗಕ್ಕೆ ಸಿಮೆಂಟ್ ಬ್ಲಾಕಿನ ಗೋಡೆ ಎತ್ತಿ, ಕೋಣೆಯಿಂದಲೇ ಬಾಗಿಲು ಇಟ್ಟರೆ ಆಯ್ತು. ದೇವರಮನೆಗೂ ಅದಕ್ಕೂ ನಡುವೆ ಒಂದು ಪೂರ್ತಿ ಕೋಣೆ. ಹಳೇ ಗುಂಡಿಗೆ ಪೈಪು ಎಳೆಯೋದೂ ಸಲೀಸು. ಅವ್ವ ಜಗಲಿ ಮೇಲೆ ನಿಂತು ಎಡಕ್ಕೆ ಬಲಕ್ಕೆ ನೋಡಿ, "ಇಲ್ಲಾದ್ರೆ ಆಗಬೌದು" ಅಂದಳು. ಅವಳ ಬಾಯಿಂದ ಬಂದ ಮೊದಲನೇ 'ಬೇಕು' ಅದು.

ಕೆಲಸ ಶುರುವಾದ ಮೇಲೆ ಅವ್ವನೇ ಮೇಲ್ವಿಚಾರಕಿ. ನನ್ನ ಆಯ್ಕೆಯ ಹೊಳೆಯೋ ಟೈಲ್ಸ್ ಅವಳು ಒಪ್ಪಲಿಲ್ಲ. "ಒದ್ದೆ ಕಾಲಿಟ್ರೆ ಜಾರ್ತದೆ" ಅಂತ ಅಂಗಡಿಯಲ್ಲೇ ಚಪ್ಪಲಿ ಬಿಟ್ಟು, ಹಾಸಿದ್ದ ಒಂದೊಂದು ಬಿಲ್ಲೆಯ ಮೇಲೂ ಕಾಲು ಉಜ್ಜಿ ನೋಡಿ ಒರಟು ಇರೋದನ್ನ ಆರಿಸಿದಳು. ನೀರು ಮೂಲೆಗೆ ಹರಿಯೋ ಹಾಗೆ ವಾಟ ಸರಿ ಕೊಡದಿದ್ರೆ ಎಂಥ ಟೈಲ್ಸ್ ಹಾಕಿದ್ರೂ ಜಾರುತ್ತೆ ಅಂತ ಮೇಸ್ತ್ರಿ ಅಂದಾಗ, ಚೊಂಬಲ್ಲಿ ನೀರು ಸುರಿದು ತೋರಿಸು ಅಂದಳು. ಹೊಸ್ತಿಲು ಇಡಲಿಲ್ಲ, ಎಡವಬಾರದು ಅಂತ. ಬಾಗಿಲು ಹೊರಗೆ ತೆರೆಯೋ ಹಾಗೆ ಇಟ್ರು, ಒಳಗೆ ಯಾರಾದ್ರೂ ಬಿದ್ರೆ ಬಾಗಿಲಿಗೇ ಅಡ್ಡ ಆಗಬಾರದು ಅಂತ. ಕೂತು ಏಳೋಕೆ ಗೋಡೆಗೆ ಎರಡು ಸ್ಟೀಲ್ ಹಿಡಿಕೆ, ಹಾಸಿಗೆಯಿಂದ ಕೈಗೆ ಎಟುಕೋ ಜಾಗದಲ್ಲಿ ಒಂದು ಸ್ವಿಚ್ಚು. ಇವುಗಳಲ್ಲಿ ಯಾವುದೂ ಮನೆ ನೋಡೋಕೆ ಬಂದೋರ ಕಣ್ಣಿಗೆ ಬೀಳಲ್ಲ.

ಒಂದು ವಿಷಯ ಇನ್ನೂ ಬಾಕಿ ಇತ್ತು. ಆ ಮನೆಯಲ್ಲಿ ಅಕ್ಕನಿಗೂ ಪಾಲಿದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ದೇಶದಲ್ಲೆಲ್ಲ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು. ಕರ್ನಾಟಕ ಅದಕ್ಕೂ ಮುಂಚೆ, 1994ರಲ್ಲೇ ಆ ದಾರಿಗೆ ಬಂದಿತ್ತು. ಹಾಗಿರುವಾಗ ನಾನು ಹಾಕೋ ನಾಲ್ಕು ಲಕ್ಷ ಯಾರದ್ದು? ನಾಳೆ ಭಾಗ ಆಗುವಾಗ ನಾನು ಅದನ್ನ ಮುರಿದುಕೊಳ್ಳಬೇಕಾ? ಸಂಕೋಚದಲ್ಲೇ ಅಕ್ಕನನ್ನ ಕೇಳಿದೆ. ನಿಮಗೆ ಇದು ಸಣ್ಣತನ ಅನಿಸಬಹುದು. ಇಂಥ ಮಾತು ಆಡದೇ ಬಿಟ್ಟು ಹತ್ತು ವರ್ಷ ಆದ ಮೇಲೆ ಮುಖ ನೋಡದ ಅಣ್ಣತಂಗಿಯರನ್ನ ನಾನು ನೋಡಿದ್ದೇನೆ.

ಅಕ್ಕ ಅಂದಳು: "ರಸೀದಿ ಇಟ್ಕೊ, ಬೇಡ ಅನ್ನಲ್ಲ. ಆದ್ರೆ ಅವ್ವನ ಎದುರಿಗೆ ಲೆಕ್ಕ ಹಾಕ್ಬೇಡ. ಅವಳು ಆ ಬಾತ್‌ರೂಮಿಗೆ ಹೋಗುವಾಗೆಲ್ಲ ನಿನ್ನ ದುಡ್ಡು ನೆನಪಾಗಬಾರದು." ರಸೀದಿಗಳು ಈಗ ಒಂದು ಕವರಿನಲ್ಲಿ ಇವೆ. ಕವರು ಅಕ್ಕನ ಹತ್ತಿರವೇ ಇದೆ.

ಒಟ್ಟು ಖರ್ಚು ಎರಡು ಲಕ್ಷದ ಎಪ್ಪತ್ತು ಸಾವಿರ. ಉಳಿದದ್ದರಲ್ಲಿ ಖಾತೆ ಬದಲಾವಣೆ, ಇ-ಸ್ವತ್ತಿನ ಓಡಾಟ. ಅಷ್ಟರಲ್ಲಿ ಹಿಂಭಾಗದ ಹೆಂಚೂ ಕೈಯಾಡಿಸಿದ್ದಾಯ್ತು. ಹಾಲಿನ ನೆಲ ಹಾಗೇ ಬಿರುಕು ಬಿಟ್ಟುಕೊಂಡಿದೆ. ಹಾಸನದ ಪರಿಚಯದವರು ಯುಗಾದಿಗೆ ಬಂದಾಗ ಹೊಸ ಬಾತ್‌ರೂಮ್ ನೋಡಿ ಪ್ರಾಮಾಣಿಕವಾಗಿ ಹೇಳಿದ್ರು: "ಕೆಲ್ಸ ಚೆನ್ನಾಗೈತೆ ಸಾರ್. ರೇಟ್ ಏನೂ ಏರಲ್ಲ."

ಶೀಟನ್ನ ಅಳಿಸಿಲ್ಲ. ಒಂದು ಕಾಲಂ ಸೇರಿಸಿದ್ದೇನೆ: 'ಈ ಕೋಣೆ ಹೀಗಿರೋದ್ರಿಂದ ಇಲ್ಲಿರೋರು ಏನು ಬಿಟ್ಟಿದ್ದಾರೆ?' ಅದಕ್ಕೆ ಫೋನಲ್ಲಿ ಉತ್ತರ ಸಿಗಲ್ಲ. ಅಲ್ಲಿ ಮಲಗಿ ಎದ್ದು ನೋಡಬೇಕು. ಮಂಡಿನೋವಿನ ಅತ್ತೆ ಮಹಡಿಗೆ ಬಟ್ಟೆ ಒಣಗಿಸೋಕೆ ಹೋಗೋದನ್ನ ಯಾವಾಗ ಬಿಟ್ಟರು, ಮಾವ ಬಾಲ್ಕನಿಯಲ್ಲಿ ಪೇಪರ್ ಓದೋದನ್ನ ಯಾಕೆ ಬಿಟ್ಟರು, ನಿಮ್ಮ ಮನೆಗೆಲಸಕ್ಕೆ ಬರುವಾಕೆ ಬೆಳಗಿಂದ ಮಧ್ಯಾಹ್ನದ ತನಕ ಯಾಕೆ ನೀರು ಕುಡಿಯಲ್ಲ. ಈ ಕೊನೇದನ್ನ ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಗಮನಿಸಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಕಕ್ಕಸು ಇರೋದು ಬೇಸ್‌ಮೆಂಟಿನಲ್ಲಿ. ನಮ್ಮನೆಯಲ್ಲಿ ಎರಡಿವೆ. ಮಾರನೇ ದಿನವೇ, ನಮ್ಮದನ್ನೇ ಬಳಸಿ ಅಂತ ಆಕೆಗೆ ಹೇಳಿದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಹಾಲಿನ ವಿಷಯ ಅವ್ವ ಮರೆತಿಲ್ಲ. ಅದೂ ನ್ಯಾಯವೇ. ಬಂದೋರನ್ನ ಕೂರಿಸೋಕೆ ಅಚ್ಚುಕಟ್ಟಾದ ಜಾಗ ಇರಬೇಕು ಅನ್ನೋದು ಬರೀ ತೋರಿಕೆ ಅಲ್ಲ, ಅವಳ ಮರ್ಯಾದೆಯ ಪ್ರಶ್ನೆ. ಹೋದ ವಾರ ಫೋನಲ್ಲಿ ಮತ್ತೆ ಕೇಳಿದಳು, "ಮುಂದ್ಲ ವರ್ಷ ದುಡ್ಡು ಬತ್ತದಾ?" ಬರಬಹುದು ಅಂದೆ. ರಾತ್ರಿ ಒಂಬತ್ತೂವರೆ ಆಗಿತ್ತು. ಮಾತಿನ ನಡುವೆ "ಇರು ಮಗ" ಅಂದಳು. ತಂಬಿಗೆಯಿಂದ ನೀರು ಬಗ್ಗಿಸಿಕೊಂಡ ಸದ್ದು ಕೇಳಿಸ್ತು.